ಬೇರೆಯವರ ಎಪಿಐ ನಂಬ್ಕೊಂಡು ಆಪ್ ನಡೆಸ್ತಿದೀರಾ? ರೇಟ್ ಏರೋಕ್ ಮುಂಚೆ ಇಷ್ಟ್ ಮಾಡ್ಕೊಳಿ

ಎಪಿಐ ಅಂದ್ರೆ ನಿಮ್ಮ ಆಪ್ ಬೇರೆ ಕಂಪನಿಯ ಸರ್ವರ್‌ನಿಂದ ಡೇಟಾ ತರೋ ದಾರಿ, ಹಾಗೆ ಒಂದ್ಸಲ ಕೇಳಿದ್ರೆ ಒಂದು ಕಾಲ್. ಮೊದ್ಲು ಲೆಕ್ಕ. ನಿಮ್ಮ ಒಬ್ಬ ಯೂಸರ್ ದಿನಕ್ಕೆ ಎಷ್ಟು ಕಾಲ್ ಮಾಡಿಸ್ತಾನೆ ಅನ್ನೋದು ನಿಮಗೆ ಗೊತ್ತಿರ್ಲೇಬೇಕು, ಈಗ ಫ್ರೀ ಇದೆಯಲ್ಲ ಅಂತ ಲಾಗ್ ಇಡದೆ ಕೂರಬೇಡಿ. ರೆಡಿಟ್ ಅನ್ನೋ ಚರ್ಚೆಯ ಸೈಟ್ ಓದೋಕೆ ಅಪೋಲೋ ಅಂತ ಹೊರಗಿನವರ ಐಫೋನ್ ಆಪ್ ಇತ್ತಲ್ಲ, ಅದನ್ನ ಮಾಡಿದ ಕ್ರಿಶ್ಚಿಯನ್ ಸೆಲಿಗ್ ಹತ್ರ ಈ ಲೆಕ್ಕ ರೆಡಿ ಇತ್ತು. 2023ರ ಮೇ ಕೊನೇಲಿ 5 ಕೋಟಿ ಕಾಲ್‌ಗೆ 12,000 ಡಾಲರ್ ಅಂತ ರೆಡಿಟ್‌ನಿಂದ ರೇಟ್ ಬಂದಾಗ ಅವರು ಕೂಡಿಸಿ ಹೇಳಿದ್ದು: ತಿಂಗಳಿಗೆ 700 ಕೋಟಿ ಕಾಲ್, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್, ಒಬ್ಬ ಯೂಸರ್‌ದು ದಿನಕ್ಕೆ ಸರಾಸರಿ 344 ಕಾಲ್, ಅಂದ್ರೆ ತಿಂಗಳಿಗೆ ತಲೆಗೆ ಎರಡೂವರೆ ಡಾಲರ್. ಅದೇ ರೇಟನ್ನ ಸಾವಿರ ಕಾಲ್‌ಗೆ 24 ಸೆಂಟ್ ಅಂದ್ರೆ ಎಷ್ಟ್ ಅಗ್ಗ ಅನ್ಸುತ್ತೆ ನೋಡಿ.

ಎರಡೂವರೆ ಡಾಲರ್ ವಸೂಲಿ ಮಾಡೋಕೆ ಆಗ್ತಿರ್ಲಿಲ್ವಾ ಅಂತ ಕೇಳ್ಬೋದು. ಆಂಡ್ರಾಯ್ಡ್‌ನಲ್ಲಿ ರೆಡಿಟ್ ಓದೋ ರಿಲೇ ಆಪ್ ತಿಂಗಳ ಚಂದಾ ಇಟ್ಟು ಉಳ್ಕೊಂಡಿತು. ಆದ್ರೆ ಅಪೋಲೋ ವಾರ್ಷಿಕ ಚಂದಾ ಮೊದ್ಲೇ ಮಾರಿತ್ತು, ಆ ಜನ ಹಳೇ ರೇಟಲ್ಲಿ ದುಡ್ಡು ಕೊಟ್ಟಾಗಿದೆ, ಹೊಸ ಬಿಲ್ ಶುರುವಾಗೋಕೆ ಇದ್ದಿದ್ದು 30 ದಿನ, ಅಷ್ಟರಲ್ಲಿ ಎಲ್ಲಾ ಬದಲಾಯಿಸೋದು ಆಗೋ ಮಾತಲ್ಲ, ಜೂನ್ 30ಕ್ಕೆ ಬಾಗಿಲು ಹಾಕಿದ್ರು. ಹಾಗಾಗಿ ವಾರ್ಷಿಕ, ಲೈಫ್‌ಟೈಮ್ ಪ್ಲಾನ್ ಎರಡೂ ಬೇಡ, ತಿಂಗಳಿಂದ ತಿಂಗಳಿಗೆ ಮಾರಿ. ನನ್ ಪ್ರಕಾರ ಬೇರೆ ಏನೂ ಮಾಡದಿದ್ರೂ ಇದೊಂದು ಮಾಡಿ.

ಕಾಲ್ ಕಮ್ಮಿ ಮಾಡೋದು ಹೇಗಂತ ಎಲ್ರಿಗೂ ಗೊತ್ತು, ಕ್ಯಾಶ್ ಇಡಿ (ಒಮ್ಮೆ ತಂದ ಡೇಟಾ ಉಳಿಸಿಕೊಂಡು ಮತ್ತೆ ಬಳಸಿ), ನೋಟಿಫಿಕೇಶನ್‌ಗೆ ಪದೇಪದೇ ಪೋಲ್ ಮಾಡ್ಬೇಡಿ, ಅಂದ್ರೆ ಹೊಸದೇನಾದ್ರೂ ಬಂತಾ ಅಂತ ಸರ್ವರ್‌ನ ಕೇಳ್ತಾ ಇರ್ಬೇಡಿ.

ಆಮೇಲೆ ಡೆವಲಪರ್ ಅಗ್ರಿಮೆಂಟ್, ಅಂದ್ರೆ ಎಪಿಐ ಕೊಡೋ ಕಂಪನಿಯವರ ಷರತ್ತು. ಅವರ ಸ್ವಂತ ಆಪ್‌ಗೆ ಬದಲಿ ಆಗೋ ಥರದ್ದು ಮಾಡ್ಬಾರ್ದು ಅಂತ ಎಲ್ಲಾದ್ರೂ ಇದೆಯಾ ಹುಡುಕಿ. ಇಲ್ದಿದ್ರೂ ನೆಮ್ಮದಿ ಬೇಡ, ಟ್ವಿಟರ್ 2023ರ ಜನವರಿ 12ಕ್ಕೆ ಟ್ವೀಟ್‌ಬಾಟ್, ಟ್ವಿಟರಿಫಿಕ್ ಅನ್ನೋ ಹೊರಗಿನವರ ಟ್ವಿಟರ್ ಆಪ್ ಎರಡನ್ನೂ ಹೇಳದೆ ಕೇಳದೆ ಕಟ್ ಮಾಡಿ, ಆ ರೂಲನ್ನ ಒಂದು ವಾರ ಆದ್ಮೇಲೆ ಬರೆದು ಸೇರಿಸ್ತು! ಟ್ವೀಟ್‌ಬಾಟ್‌ನವರು ಅಷ್ಟರಲ್ಲೇ ಟ್ವಿಟರ್ ಥರದ್ದೇ ಆದ ಮ್ಯಾಸ್ಟಡಾನ್‌ಗೆ ಐವರಿ ಅಂತ ಆಪ್ ಮಾಡ್ತಿದ್ರು, ಅದನ್ನ ಅದೇ ತಿಂಗಳು ಬಿಡುಗಡೆ ಮಾಡಿದ್ರು. ನೀವೂ ಸ್ಕ್ರೀನ್ ಕೋಡ್ ಬೇರೆ, ಡೇಟಾ ತರೋ ಕೋಡ್ ಬೇರೆ ಇಡಿ, ನಾಳೆ ಇನ್ನೊಂದು ಸರ್ವಿಸ್‌ಗೆ ಜೋಡಿಸೋಕೆ ಆಗುತ್ತೆ.

ಅಂಧರಿಗೆ ಅನುಕೂಲ ಆಗೋ, ಲಾಭಕ್ಕಲ್ಲದ ಆಪ್ ಆಗಿದ್ರೆ ವಿನಾಯಿತಿ ಕೇಳಿ. ರೆಡಿಟ್ ರೆಡ್‌ರೀಡರ್‌ಗೆ, ಡಿಸ್ಟೋಪಿಯಾಗೆ ಕೊಡ್ತು. ಫೋನಲ್ಲಿ ಒಪ್ಪಿದ್ದನ್ನ ಅವತ್ತೇ ಈಮೇಲಲ್ಲಿ ಬರೆಸ್ಕೊಳಿ.

ಮುಚ್ಚಲೇಬೇಕು ಅಂತಾದ್ರೆ ರಿಫಂಡ್ ದುಡ್ಡು ಡೆವಲಪರ್ ಜೇಬಿಂದಾನೇ ಹೋಗೋದು, ಸೆಲಿಗ್ ಅಂದಾಜು ಮಾಡಿದ್ದು ಸುಮಾರು 2.5 ಲಕ್ಷ ಡಾಲರ್. ಅದಕ್ಕೇ ಕೊನೇ ಅಪ್‌ಡೇಟಲ್ಲಿ ‘ನಂಗೆ ರಿಫಂಡ್ ಬೇಡ’ ಅಂತ ಒಂದು ಬಟನ್ ಇಡಿ, ಅಪೋಲೋನೂ ಇಟ್ಟಿತ್ತು, ಟ್ವೀಟ್‌ಬಾಟೂ ಇಟ್ಟಿತ್ತು.