ಒತ್ತಕ್ಷರಕ್ಕೆ ಒಗ್ಗಿದ ಕೀಬೋರ್ಡ್: ಕ್ಯೂಎಂಕೆ ಜೊತೆ ನನ್ನ ಅನುಭವ

ಕೈಯಾರೆ ಕೀಬೋರ್ಡ್ ಕಟ್ಟುವುದರಲ್ಲಿ ಬೆಸುಗೆ ಹಾಕುವುದೇ ಕಷ್ಟ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ನನಗೆ ಜಾಸ್ತಿ ಸಮಯ ಹಿಡಿದದ್ದು ಕೀಬೋರ್ಡಿನೊಳಗೆ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಅದರಲ್ಲೂ ಕನ್ನಡ ಸರಾಗವಾಗಿ ಬರುವ ಹಾಗೆ ಅದನ್ನು ಹೊಂದಿಸುವುದು. ಅದಕ್ಕೆ ನಾನು ಬಳಸಿದ್ದು ಕ್ಯೂಎಂಕೆ ಅನ್ನುವ ಮುಕ್ತ ಫರ್ಮ್‌ವೇರ್. ಅದರ ಬಗ್ಗೆ ನಾನು ಓದಿದ ಸಲಹೆಗಳೆಲ್ಲ ಇಂಗ್ಲಿಷ್ ಟೈಪ್ ಮಾಡುವವರಿಗೆ ಹೇಳಿದ್ದು. ಅವನ್ನೇ ಎತ್ತಿ ಹಾಕಿಕೊಂಡರೆ ಒತ್ತಕ್ಷರ, ದೀರ್ಘ ಎರಡೂ ಕೈಕೊಡುತ್ತವೆ.

ಬೋರ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 4 ಸಾಲು, 12 ಕಾಲಂ, ಒಟ್ಟು 48 ಕೀ. ಒಳಗೆ ರಾಸ್ಪ್‌ಬೆರಿ ಪೈ ಪಿಕೋ ಅನ್ನುವ ಪುಟ್ಟ ನಿಯಂತ್ರಕ ಬೋರ್ಡ್, ಪ್ರತಿ ಕೀಗೂ ಒಂದು 1ಎನ್4148 ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ). ಯಾವ ಸಾಲು ಯಾವ ಪಿನ್ನಿಗೆ, ಯಾವ ಕಾಲಂ ಯಾವ ಪಿನ್ನಿಗೆ ಅನ್ನುವುದನ್ನು ಕ್ಯೂಎಂಕೆಯ ಜೇಸನ್ ಫೈಲಿನಲ್ಲಿ (ಸೆಟ್ಟಿಂಗ್ ಬರೆದಿಡುವ ಫೈಲು) ಬರೆಯಬೇಕು. ಡಯೋಡಿನ ಕಪ್ಪು ಪಟ್ಟಿ ಸಾಲಿನ ಕಡೆಗಿದ್ದರೆ ಅಲ್ಲಿ ಬರೆಯುವ ದಿಕ್ಕು ‘ಕಾಲ್ ಟು ರೋ’ (ಕಾಲಂನಿಂದ ಸಾಲಿಗೆ). ಇದು ಉಲ್ಟಾ ಆದರೆ ಒಂದು ಕೀಯೂ ಕೆಲಸ ಮಾಡುವುದಿಲ್ಲ, ಹಾಗಾಗಿ ಬೆಸುಗೆ ಬಿಚ್ಚುವ ಮೊದಲು ಫೈಲಿನಲ್ಲಿರುವ ಈ ಸಾಲನ್ನು ನೋಡಿ. ಕಂಪೈಲ್ ಆದ ಮೇಲೆ ಪಿಕೋ ಮೇಲಿನ ಬೂಟ್‌ಸೆಲ್ ಗುಂಡಿ ಒತ್ತಿಕೊಂಡೇ ಯುಎಸ್‌ಬಿ ಚುಚ್ಚಿದರೆ ಅದು ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುತ್ತದೆ, ಕಂಪೈಲ್ ಮಾಡಿ ಸಿಕ್ಕ ಯುಎಫ್2 ಫೈಲನ್ನು ಅದರೊಳಗೆ ಹಾಕಿದರೆ ಆಯಿತು.

ಈಗ ಕನ್ನಡ. ಫರ್ಮ್‌ವೇರಿನಿಂದಲೇ ಯೂನಿಕೋಡ್ ಅಕ್ಷರ ಕಳಿಸಬಹುದು, ಆದರೆ ಲಿನಕ್ಸಿನಲ್ಲಿ ಒಂದು ‘ಕ’ ಬರಬೇಕಾದರೆ ಕಂಟ್ರೋಲ್-ಶಿಫ್ಟ್-ಯು ಒತ್ತಿ, ಅದರ ಯೂನಿಕೋಡ್ ಸಂಖ್ಯೆ 0ಸಿ95 ಅಂತ ಹೊಡೆದು, ಸ್ಪೇಸ್ ಕೊಟ್ಟಷ್ಟು ಕೀಗಳು ಹೋಗಬೇಕು. ಪುಟಗಟ್ಟಲೆ ಬರೆಯುವವರಿಗೆ ಇದು ಆಗದ ಮಾತು. ನಾನು ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನೇ ಇಟ್ಟುಕೊಂಡೆ, ಅಂದರೆ ನುಡಿ ತಂತ್ರಾಂಶದಲ್ಲಿ ನಮಗೆಲ್ಲ ರೂಢಿಯಾದದ್ದು. ಕೀಬೋರ್ಡ್ ಮಾಮೂಲಿ ಕೀಗಳನ್ನೇ ಕಳಿಸುತ್ತದೆ, ಕಂಪ್ಯೂಟರಿನಲ್ಲಿರುವ ಐಬಸ್ ಅನ್ನುವ ತಂತ್ರಾಂಶ ಅದನ್ನು ಕನ್ನಡ ಮಾಡುತ್ತದೆ.

ಪುಟ್ಟ ಬೋರ್ಡುಗಳಲ್ಲಿ ಮಧ್ಯದ ಸಾಲಿನ ಕೀಗಳಿಗೇ ಶಿಫ್ಟ್, ಕಂಟ್ರೋಲ್ ಕೂರಿಸುವ ರೂಢಿ ಇದೆ. ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್. ಎಡಗೈಯ ಶಿಫ್ಟ್ ಸಾಮಾನ್ಯವಾಗಿ ಎಫ್ ಮೇಲೆ ಕೂರುತ್ತದೆ. ನಮ್ಮ ವಿನ್ಯಾಸದಲ್ಲಿ ಎಫ್ ಅಂದರೆ ಒತ್ತು! ‘ಅನ್ನ’ ಅಂತ ಹೊಡೆಯಲು ಎ, ಎನ್, ಎಫ್, ಎನ್. ವೇಗವಾಗಿ ಹೊಡೆಯುವಾಗ ಎಫ್ ಮೇಲಿನ ಬೆರಳು ಏಳುವ ಮೊದಲೇ ಎನ್ ಒತ್ತಿ ಬಿಟ್ಟಿರುತ್ತೇವೆ. ಪರ್ಮಿಸಿವ್ ಹೋಲ್ಡ್ ಅನ್ನುವ ಆಯ್ಕೆ ಆನ್ ಇದ್ದರೆ ಫರ್ಮ್‌ವೇರ್ ಅದನ್ನು ಶಿಫ್ಟ್ ಅಂತಲೇ ತಿಳಿಯುತ್ತದೆ, ಪರದೆ ಮೇಲೆ ‘ಅನಣ’ ಬರುತ್ತದೆ. ‘ಅಲ್ಲ’ ಹೋಗಿ ‘ಅಲಳ’ ಆಗುತ್ತದೆ. ಪರ್ಮಿಸಿವ್ ಹೋಲ್ಡ್ ತೆಗೆದರೆ ಒತ್ತು ಸರಿಹೋಗುತ್ತದೆ, ಆದರೆ ಟ್ಯಾಪಿಂಗ್ ಟರ್ಮ್ (ತಟ್ಟಿದ್ದೋ ಹಿಡಿದದ್ದೋ ಅಂತ ತೀರ್ಮಾನಿಸುವ ಗಡುವು) ಮುಗಿಯುವ ತನಕ, ಅಂದರೆ 200 ಮಿಲಿಸೆಕೆಂಡ್, ಶಿಫ್ಟ್ ಹಿಡಿದು ಕಾಯಬೇಕು.

ಫ್ಲೋ ಟ್ಯಾಪ್ ಅಂತ ಇನ್ನೊಂದು ಸೌಲಭ್ಯ ಇದೆ. ಬಿಡದೆ ಟೈಪ್ ಮಾಡುತ್ತಿರುವಾಗ ಇಂಥ ಎರಡು ಕೆಲಸದ ಕೀ ಬಂದರೆ ಅದನ್ನು ನೇರ ಅಕ್ಷರ ಅಂತಲೇ ಕಳಿಸಿಬಿಡುತ್ತದೆ. ಇಂಗ್ಲಿಷಿಗೆ ಒಳ್ಳೆಯದು, ಯಾಕಂದ್ರೆ ಅಲ್ಲಿ ದೊಡ್ಡಕ್ಷರ ಬರುವುದು ಬಹುಪಾಲು ಪದದ ಮೊದಲಲ್ಲಿ. ನಮಗೆ ಶಿಫ್ಟ್ ಬೇಕಾಗುವುದೇ ಪದದ ನಡುವೆ, ಅಲ್ವಾ? ‘ಬೇಳೆಸಾರು’ ತಗೊಳ್ಳಿ. ಎಂಟು ಹೊಡೆತದಲ್ಲಿ ಏತ್ವಕ್ಕೆ, ಳಕಾರಕ್ಕೆ, ಆಮೇಲೆ ದೀರ್ಘಕ್ಕೆ ಅಂತ ಮೂರು ಸಲ ಶಿಫ್ಟ್.

ಮಿಲಿಸೆಕೆಂಡ್ ಹೆಚ್ಚುಕಮ್ಮಿ ಮಾಡಿ ಇದು ಬಗೆಹರಿಯುವ ಮಾತಲ್ಲ ಅನ್ನಿಸಿತು. ಕನ್ನಡಕ್ಕೇ ಬೇರೆ ಲೇಯರ್ (ಅದೇ ಕೀಗಳಿಗೆ ಬೇರೆ ಕೆಲಸ ಕೊಡುವ ಪದರ) ಮಾಡಿದೆ. ಅಲ್ಲಿ ಎಫ್ ಬರೀ ಎಫ್, ಮಧ್ಯದ ಸಾಲಿನ ಯಾವ ಕೀಗೂ ಎರಡನೇ ಕೆಲಸ ಇಲ್ಲ. ಶಿಫ್ಟ್ ಎಡ ಹೆಬ್ಬೆರಳಿಗೆ ಬಂತು, ಅದೂ ಒನ್ ಶಾಟ್: ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯ, ಹಿಡಿದುಕೊಂಡರೆ ಮಾಮೂಲಿ ಶಿಫ್ಟ್. ಸುಮ್ನೆ ತಟ್ಟಿದ್ದು ಹಾಗೇ ಉಳಿಯದಿರಲಿ ಅಂತ ಒನ್ ಶಾಟ್ ಟೈಮ್ಔಟ್ 1000 ಮಿಲಿಸೆಕೆಂಡ್ ಇಟ್ಟಿದ್ದೇನೆ. ದೀರ್ಘಕ್ಕೆ ಕಿರುಬೆರಳು ಚಾಚುವುದು ತಪ್ಪಿತಲ್ಲ, ಅದೇ ನನಗೆ ದೊಡ್ಡ ಖುಷಿ. ಇಂಗ್ಲಿಷ್ ಲೇಯರಿನಲ್ಲಿ ಹಳೆಯ ವ್ಯವಸ್ಥೆಯೇ ಇದೆ, ಕೋಡ್ ಬರೆಯಲು ಅದು ಚೆನ್ನಾಗಿದೆ.

ಭಾಷೆ ಬದಲಿಸಲು ನನ್ನದೇ ಒಂದು ಕೀಕೋಡ್ ಬರೆದೆ. ಒತ್ತಿದರೆ ಅದು ಕಂಪ್ಯೂಟರಿಗೆ ಸೂಪರ್-ಸ್ಪೇಸ್ (ಸೂಪರ್ ಅಂದರೆ ವಿಂಡೋಸ್ ಕೀ) ಕಳಿಸುತ್ತದೆ, ಜೊತೆಗೇ ಕೀಬೋರ್ಡಿನ ಲೇಯರನ್ನೂ ತಿರುಗಿಸುತ್ತದೆ. ಲಿನಕ್ಸಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಎಲ್ಲ ವಿಂಡೋಗಳಿಗೂ ಒಂದೇ ಇನ್‌ಪುಟ್ ಅನ್ನುವ ಆಯ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಿಂಡೋ ಬದಲಾದಾಗ ಎರಡೂ ತಾಳ ತಪ್ಪುತ್ತವೆ. ಕನ್ನಡ ಲೇಯರ್ ಇದ್ದಾಗ ಪಿಕೋ ಮೇಲೇ ಇರುವ, ಜಿಪಿ25ಕ್ಕೆ ಸೇರಿದ ಎಲ್‌ಇಡಿ ಹೊತ್ತಿಕೊಳ್ಳುವ ಹಾಗೆ ಮಾಡಿದ್ದೇನೆ. ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಕೆಲವೊಮ್ಮೆ ಕಂಪ್ಯೂಟರ್ ಕನ್ನಡದಲ್ಲಿ, ಕೀಬೋರ್ಡ್ ಇಂಗ್ಲಿಷಿನಲ್ಲಿ ಇರುತ್ತದೆ. ಅದಕ್ಕೆ ಲೇಯರ್ ಮಾತ್ರ ತಿರುಗಿಸುವ ಇನ್ನೊಂದು ಕೀಯನ್ನು ಮೂಲೆಯಲ್ಲಿ ಇಟ್ಟಿದ್ದೇನೆ.