ಬೋರ್ ತುಂಬಿಸಲು ಹೋಗಿ ಹದ ಹಿಡಿದ ಕಥೆ

ನಮ್ಮದು ಕೋಲಾರ ಜಿಲ್ಲೆ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಹೊಲ ಎರಡು ಎಕರೆ, ಒಂದರಲ್ಲಿ ಮಾವು, ಇನ್ನೊಂದರಲ್ಲಿ ರಾಗಿ, ಅವರೆ. 1,100 ಅಡಿಯ ಬೋರು ನೀರಿನ ಬದಲು ಗಾಳಿ ಉಗುಳೋಕೆ ಶುರು ಮಾಡಿದಾಗ ಮಳೆನೀರು ಇಂಗಿಸೋಣ ಅಂತ ಹೊರಟೆ.

ಕೇಸಿಂಗ್ ಪೈಪಿನ ಸುತ್ತ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿದೆ. ಪೈಪಿಗೆ ತೂತು ಕೊರೆದು ನೈಲಾನ್ ಜಾಲರಿ ಸುತ್ತಿದೆವು. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಎಡವಿದ್ದು ಎಲ್ಲಿ ಅಂದ್ರೆ, ಹೊಲದ ನೀರನ್ನು ನೇರವಾಗಿ ಗುಂಡಿಗೆ ಬಿಟ್ಟೆ. ಮೊದಲ ಜೋರು ಮಳೆಗೇ ಕೆಮ್ಮಣ್ಣಿನ ಹೂಳು ಮರಳಿನ ಮೇಲೆ ಗಾರೆ ಮೆತ್ತಿದ ಹಾಗೆ ಕೂತುಬಿಟ್ಟಿತು. ನೀರು ಇಂಗಲಿಲ್ಲ, ಸೊಳ್ಳೆ ಬಂತು. ಮರಳನ್ನೆಲ್ಲ ಹೊರಗೆ ಹಾಕಿ, ತೊಳೆದು, ಹೂಳು ನಿಲ್ಲಲು ಮುಂದೆ ಇನ್ನೆರಡು ಸಣ್ಣ ಗುಂಡಿ ಮಾಡಿದ ಮೇಲೆ ಸರಿಹೋಯಿತು. ನಾನು ಇಂಗಿಸಿದ ನೀರು ಪಕ್ಕದ ಹೊಲದವರ ಬೋರಿಗೂ ಹೋಗಿರಬಹುದು, ಹೋಗಲಿ ಬಿಡಿ.

ಆಮೇಲೆ ಒಂದು ಲೆಕ್ಕ ಹಾಕಿದೆ. ವರ್ಷಕ್ಕೆ 700 ಮಿ.ಮೀ. ಮಳೆ ಅಂದರೆ ಎಕರೆಗೆ 28 ಲಕ್ಷ ಲೀಟರ್. ಇಷ್ಟು ನೀರು ತಲೆ ಮೇಲೆ ಬೀಳುತ್ತಿರುವಾಗ ನಾನು ಸುಮ್ನೆ ಒಂದು ತೂತನ್ನೇ ನೋಡುತ್ತಾ ಕೂತಿದ್ದೆ ಅಲ್ವಾ?

ಮಣ್ಣಲ್ಲಿ ಉಳಿಯುವ ನೀರನ್ನು ಮರೆತದ್ದು ನಾನು ಮಾತ್ರ ಅಲ್ಲ. ಮನುಷ್ಯರ ಒತ್ತಡವನ್ನು ಭೂಮಿ ಎಷ್ಟು ತಾಳೀತು ಅಂತ 2009ರಲ್ಲಿ ಸ್ವೀಡನ್ನಿನ ವಿಜ್ಞಾನಿ ಯೋಹಾನ್ ರಾಕ್‌ಸ್ಟ್ರೋಮ್ ಮತ್ತು ಜೊತೆಯವರು ಒಂಬತ್ತು ಗಡಿಗಳನ್ನು ಹೇಳಿದ್ದರು. ಸಿಹಿನೀರು ಅದರಲ್ಲಿ ಒಂದು. ಆಗ ಲೆಕ್ಕಕ್ಕೆ ಹಿಡಿದದ್ದು ನದಿ, ಕೆರೆ, ಅಂತರ್ಜಲ ಮಾತ್ರ, ಅದಕ್ಕೆ ‘ನೀಲಿ ನೀರು’ ಅನ್ನುತ್ತಾರೆ. ಬೇರಿನ ಸುತ್ತ ಮಣ್ಣಲ್ಲಿರುವ ಹಸಿಯೂ ಲೆಕ್ಕಕ್ಕೆ ಬಂದದ್ದು ಆಮೇಲೆ, ‘ಹಸಿರು ನೀರು’ ಅಂತ. 2023ರ ಲೆಕ್ಕದಲ್ಲಿ ಎರಡೂ ಗಡಿ ದಾಟಿವೆ. ಮಣ್ಣಿನ ಹಸಿ ಹಳೆಯ ಏರಿಳಿತ ಮೀರಿರುವ ಜಾಗ ಪ್ರಪಂಚದ ನೆಲದಲ್ಲಿ ಶೇ. 11 ದಾಟಬಾರದಿತ್ತು, ಆ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಶೇ. 16 ಇತ್ತು. ನಮ್ಮಪ್ಪನಿಗೆ ಇದನ್ನು ಹೇಳಿದರೆ, ‘ಹದ ಅನ್ನೋ, ಅದಕ್ಕೆ ಯಾಕೆ ಬಣ್ಣ’ ಅಂದರು.

ಸರಿ, ಹದ ಹಿಡಿಯೋಕೆ ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ತೆಗೆದ ಮಣ್ಣನ್ನು ಕೆಳಬದಿಗೆ ಬದು ಹಾಕಿದೆ. ಮಾವಿನ ತರಗೆಲೆಗೆ ಬೆಂಕಿ ಇಡುವುದು ಬಿಟ್ಟು ಬುಡಕ್ಕೇ ಹರಡಿದೆ. ಖರ್ಚು ಬೋರ್ ಗುಂಡಿಗಿಂತ ಎಷ್ಟೋ ಕಡಿಮೆ, ಮೈಕೈ ನೋವು ಮಾತ್ರ ಜಾಸ್ತಿ.

ಮಳೆ ನಿಂತು ಹನ್ನೆರಡನೇ ದಿನ ತರಗು ಸರಿಸಿ ಒಂದು ಹಿಡಿ ಮಣ್ಣು ತೆಗೆದು ಅಮುಕಿದೆ. ಉಂಡೆ ಕಟ್ಟಿತು, ಅಂಗೈಗೆ ತಣ್ಣಗೆ ಹತ್ತಿತು. ಎರಡು ಮಾರು ಆಚೆ, ಮುಚ್ಚದ ಕಡೆ, ಮಣ್ಣು ಪುಡಿಪುಡಿ. ಬೋರು ಈಗಲೂ ಅಂಥಾ ಹೇಳಿಕೊಳ್ಳುವಷ್ಟೇನೂ ಕೊಡಲ್ಲ, ಆದರೆ ಮಾವಿಗೆ ವಾರಕ್ಕೆ ಎರಡು ಸಲ ಬಿಡುತ್ತಿದ್ದ ನೀರು ಒಂದೇ ಸಲಕ್ಕೆ ಸಾಕಾಗುತ್ತಿದೆ. ಮಾಡುವವರು ಹೂಳಿನ ಗುಂಡಿಯನ್ನು ಮುಂಗಾರಿಗೆ ಮೊದಲೇ ಬಳಿದು, ಆ ಮಣ್ಣನ್ನು ಹೊಲಕ್ಕೇ ಹಾಕಿ. ನಾನು ಈ ಸಲ ತಡ ಮಾಡಿ, ಮಳೆಯಲ್ಲೇ ಮಂಡಿವರೆಗೆ ಕೆಸರಲ್ಲಿ ನಿಂತು ತೆಗೆದೆ.