22 ತಾಣ ಬಿಟ್ಟು ಒಂದೇ ದಿಬ್ಬ ಹಿಡಿದೆವು

ಜೆರುಸಲೇಮಿನಲ್ಲಿ ಮೂರು ಬೇಸಿಗೆ ಬೈಬಲ್ ಪುರಾತತ್ವದ ಕೋರ್ಸ್ ನಡೆಸಿದ್ದೇವೆ. ನಾನು ಮಡಕೆ ಚೂರು ಓದುವವನು. ಜೊತೆಗಿದ್ದ ಹಿರಿಯರು ಹೀಬ್ರೂ ಪಠ್ಯ ಕಲಿಸುವವರು. ಮೊದಲ ಎರಡು ಬೇಸಿಗೆ ಸೋತೆವು, ಮೂರನೆಯದು ಗೆದ್ದಿತು. ಒಂದೇ ತಾಣದಲ್ಲಿ ಕೂತು ಕಲಿಸುವುದು ನಡೆಯಲ್ಲ ಅಂತ ಆ ಹಿರಿಯರೂ ಹೇಳಿದ್ದರು, ದುಡ್ಡು ಕೊಡುವವರೂ ಹೇಳಿದ್ದರು. ಈಗ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಬೇಸಿಗೆ 14 ದಿನ, 22 ತಾಣ. ದಾನ್, ಹಾಚೋರ್, ಮೆಗಿದ್ದೋ, ಬೇರ್ಷೆಬ, ಮಸಾದ, ಕುಮ್ರಾನ್, ಹೀಗೆ ಒಂದೂ ಬಿಡಲಿಲ್ಲ. ಬಂದವರು 16 ಜನ, ಹೆಚ್ಚಿನವರು ದೇವಜ್ಞಾನ ಓದುವವರು, ಕೆಲವರು ಪಾದ್ರಿಗಳು. ಬಸ್ಸಿಗೆ ದಿನಕ್ಕೆ ಸುಮಾರು 2,400 ಶೆಕೆಲ್ ಆಗುತ್ತಿತ್ತು. ಆಗಿನ ಲೆಕ್ಕದಲ್ಲಿ ಬಸ್ಸೊಂದಕ್ಕೇ ಆರು ಲಕ್ಷ ರೂಪಾಯಿ ಮೇಲೆ ಹೋಯಿತು. ಮೆಗಿದ್ದೋ, ಹಾಚೋರ್ ಎರಡರ ಆರು ಕೋಣೆಯ ಹೆಬ್ಬಾಗಿಲನ್ನೂ ಒಂದೇ ದಿನ ತೋರಿಸಿದ್ದೆವು. ಸಂಜೆ ಫೋಟೋ ಇಟ್ಟು ಯಾವುದು ಯಾವ ಊರಿನದು ಅಂತ ಕೇಳಿದರೆ ಸರಿಯಾಗಿ ಹೇಳಿದವರು ಮೂವರು. ಉಳಿದವರ ತಪ್ಪಲ್ಲ, ಬಸ್ಸಿನಲ್ಲಿ ನಿದ್ದೆ, ಇಳಿದರೆ ಬಿಸಿಲು. ಕೊನೆಗೆ ಲೆಕ್ಕ ಹಾಕಿದಾಗ ನನ್ನ ಕೈಯಿಂದ ಮೂರು ಸಾವಿರ ಶೆಕೆಲ್ ಹೋಗಿತ್ತು.

ಎರಡನೇ ಬೇಸಿಗೆ ತಾಣ ಕಡಿಮೆ ಮಾಡಿ, ಬೆಳಿಗ್ಗೆ ಎರಡು ಗಂಟೆ ಸ್ಲೈಡ್ ಪಾಠ ಇಟ್ಟೆವು. ಅದು ಇನ್ನೂ ಕೆಟ್ಟದಾಯಿತು. ಬೈಬಲಿನಲ್ಲಿ ಯೆಹೋಶುವನ ದಂಡಿನ ಮುಂದೆ ಯೆರಿಕೋದ ಗೋಡೆ ಬೀಳುತ್ತದೆ. ಆ ಯೆರಿಕೋದಲ್ಲಿ ನಿಂತು ನಾನು ನೇರವಾಗಿ ಹೇಳಿಬಿಟ್ಟೆ. ಬಿದ್ದ ಗೋಡೆ ಯೆಹೋಶುವನ ಕಾಲದ್ದು ಅಂತ 1930ರ ದಶಕದಲ್ಲಿ ಗಾರ್ಸ್ಟಾಂಗ್ ಹೇಳಿದ್ದರು, 1952ರಿಂದ 58ರವರೆಗೆ ಅಗೆದ ಕ್ಯಾಥ್ಲೀನ್ ಕೆನ್ಯನ್ ಅದು ಅದಕ್ಕೂ ಸುಮಾರು ಸಾವಿರ ವರ್ಷ ಹಳೆಯದು ಅಂತ ತೋರಿಸಿದರು, ಅಂತ. ಹಾಸನದ ಕಡೆಯ ಒಬ್ಬ ಪಾದ್ರಿ ಇದ್ದರು. ಅವರ ಮುಖ ಸಣ್ಣದಾಯಿತು. ಸಂಜೆ ಚಹಾ ಹಿಡಿದು ಪಕ್ಕದಲ್ಲಿ ಕೂತೆ.

"ಅಯ್ಯನವರೇ, ಬೇಜಾರಾಯ್ತಾ?" ಅಂದೆ.

"ಇಲ್ಲ ಸರ್. ಅಂದರೆ, ನೀವು ಹೇಳಿದಿರಿ, ನಾನು ಕೇಳಿದೆ. ಹೇಗೆ ಗೊತ್ತಾಯ್ತು ಅಂತ ನನಗೆ ಕಾಣಲಿಲ್ಲ. ಊರಿಗೆ ಹೋಗಿ ಸಭೆಯವರಿಗೆ ಏನು ಹೇಳಲಿ?"

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ಸರಿ. ಲೆಕ್ಕ ತೋರಿಸದೆ ಉತ್ತರ ಕೊಟ್ಟಿದ್ದೆ.

ನಾನು ಮೊಳಕಾಲ್ಮೂರು ಕಡೆಯವನು. ನಮ್ಮ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದವರು ಮಾರ್ಟಿಮರ್ ವ್ಹೀಲರ್. ಕೆನ್ಯನ್ ಕೆಲಸ ಕಲಿತದ್ದು ಅದೇ ವ್ಹೀಲರ್ ಹತ್ತಿರ, ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ. ಬ್ರಹ್ಮಗಿರಿಗೆ ಕಾಲ ಕಟ್ಟಿದ್ದು ಹೇಗೆ? ಅಲ್ಲಿ ಸಿಕ್ಕ ಒಂದು ಬಗೆಯ ಮಡಕೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲೂ ಇತ್ತು, ಅರಿಕಮೇಡಿನ ಕಾಲ ರೋಮಿನ ಮಡಕೆಯಿಂದ ಗೊತ್ತಿತ್ತು. ಚೂರಿನ ಕೈ ಹಿಡಿದು ಚೂರು ನಡೆಯಿತು. ನಾನು ಕಲಿತದ್ದೇ ಹೀಗೆ. ಮತ್ತೆ ಇವರಿಗೆ ಯಾಕೆ ಸ್ಲೈಡ್?

ಮೂರನೇ ಬೇಸಿಗೆ ಲಾಕೀಷ್ ಒಂದನ್ನೇ ಹಿಡಿದೆ. ಹಳೆಯ ಯೆಹೂದ ರಾಜ್ಯದ ಕೋಟೆಯೂರು ಅದು, ಈಗ ಮಣ್ಣಿನ ದಿಬ್ಬ. 12 ದಿನದ ಕೋರ್ಸಿನಲ್ಲಿ ಆರು ದಿನ ಒಂದೇ ದಿಬ್ಬ, ಆ ಆರು ದಿನದಲ್ಲಿ ಮೊದಲ ನಾಲ್ಕು ದಿನ ಬೈಬಲ್ ತೆರೆಯುವಂತಿಲ್ಲ. ಹಿರಿಯರಿಗೆ ಸಿಟ್ಟೇ ಬಂತು. "ಬೈಬಲ್‌ಗಾಗಿ ಬರುವವರ ಕೈಯಿಂದ ಬೈಬಲ್ ಕಿತ್ತುಕೊಳ್ಳುತ್ತೀಯೇನಪ್ಪಾ, ಎರಡನೇ ದಿನ ದುಡ್ಡು ವಾಪಸ್ ಕೇಳ್ತಾರೆ ನೋಡು" ಅಂದರು.

ಲಾಕೀಷ್ ಯಾಕೆ ಅಂದರೆ ಅಲ್ಲಿ ಸುಟ್ಟ ಸ್ತರ ಒಂದಲ್ಲ. ಸ್ತರ ಎಣಿಸುವುದು ಮೇಲಿನಿಂದ ಕೆಳಕ್ಕೆ. ಮೂರನೇ ಸ್ತರ ಸುಟ್ಟಿದೆ, ಅದರ ಮೇಲಿನ ಎರಡನೆಯದೂ ಸುಟ್ಟಿದೆ. ಮೇಲಿನದು ಬಾಬೆಲಿನವರು ಸುಟ್ಟದ್ದು, ಕ್ರಿ.ಪೂ. 586ರ ಸುಮಾರಿಗೆ, ಇದರಲ್ಲಿ ಜಗಳ ಇರಲಿಲ್ಲ. ಕೆಳಗಿನದು? 1932ರಿಂದ ಅಗೆದ ಸ್ಟಾರ್ಕಿ ಅದು 597 ಅಂದರು, ಅಂದರೆ ಎರಡರ ನಡುವೆ ಬರೀ ಹತ್ತು ಹನ್ನೊಂದು ವರ್ಷ. ಸ್ಟಾರ್ಕಿ 1938ರಲ್ಲಿ ಕೊಲೆಯಾದರು. ವರದಿ ಮುಗಿಸಿದ ಓಲ್ಗಾ ಟಫ್ನೆಲ್ ಮಡಕೆ ಜೋಡಿಸಿ ನೋಡಿ, ಇಷ್ಟು ಬದಲಾವಣೆ ಹತ್ತು ವರ್ಷದಲ್ಲಿ ಆಗಲ್ಲ, ಇದು 701, ಅಶ್ಶೂರದ ಅರಸ ಸನ್ಹೇರೀಬನ ಕೆಲಸ ಅಂದರು. ದೊಡ್ಡ ದೊಡ್ಡವರು ಒಪ್ಪಲಿಲ್ಲ, ಅಮೆರಿಕದ ಹೆಸರಾಂತ ಪುರಾತತ್ವಜ್ಞ ಆಲ್‌ಬ್ರೈಟ್ ಕೂಡ ಒಪ್ಪಲಿಲ್ಲ. 1973ರಿಂದ ಡೇವಿಡ್ ಉಸ್ಸಿಷ್ಕಿನ್ ಮತ್ತೆ ಅಗೆದ ಮೇಲೆ ಟಫ್ನೆಲ್ ಮಾತೇ ನಿಂತಿತು. ಈ ಜಗಳವನ್ನು ನನ್ನ ವಿದ್ಯಾರ್ಥಿಗಳೇ ಮತ್ತೊಮ್ಮೆ ಆಡಬೇಕು, ಉತ್ತರ ಗೊತ್ತಿಲ್ಲದೆ.

ದಿಬ್ಬದ ನಿಜವಾದ ಚೂರು ಮುಟ್ಟುವಂತಿಲ್ಲ. ಹಾಗಾಗಿ ಹೆಬ್ರೋನಿನ ಒಬ್ಬ ಕುಂಬಾರರ ಹತ್ತಿರ ಹೋಗಿ, ವರದಿಯ ಚಿತ್ರ ತೋರಿಸಿ, ಎರಡೂ ಸ್ತರದ ಮಾದರಿಯಲ್ಲಿ ಸುಮಾರು 40 ಮಡಕೆ ಮಾಡಿಸಿದೆ. 1,200 ಶೆಕೆಲ್ ಆಯಿತು. ಮೊದಲ ಸಲ ಮಾಡಿದ್ದು ಅರ್ಧ ಕೆಟ್ಟಿತು, ಬಾಯಂಚು ಎಲ್ಲ ಒಂದೇ ಥರ ಬಂತು. ಅವರಿಗೆ ಅದೇ ಅಂದ, ನನಗೆ ಅದೇ ತೊಂದರೆ. ಎರಡು ಸಲ ಹೋಗಿ ಪಕ್ಕದಲ್ಲಿ ಕೂತು ಮಾಡಿಸಿದೆ. ಆಮೇಲೆ ಎಲ್ಲವನ್ನೂ ಒಡೆದು ಮೂರು ಚೀಲಕ್ಕೆ ತುಂಬಿದೆ. ಯಾವ ಅಳತೆಯಲ್ಲಿ ಬೆರೆಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ, ಕೋರ್ಸಿನ ಜೀವವೇ ಅದರಲ್ಲಿದೆ.

ಬೆಳಿಗ್ಗೆ ದಿಬ್ಬದ ಮೇಲೆ ಸೆಕ್ಷನ್, ಅಂದರೆ ಅಗೆದ ಬದಿಯಲ್ಲಿ ಕಾಣುವ ಸ್ತರಗಳ ಚಿತ್ರ, ಬರೆಯುವುದು, ಹೆಬ್ಬಾಗಿಲು ಅಳೆಯುವುದು. ಮಧ್ಯಾಹ್ನ ನೆರಳಲ್ಲಿ ಚೂರು ತೊಳೆದು ವಿಂಗಡಿಸುವುದು. ಮೊದಲ ಸಂಜೆ ಕೇಳಿದೆ, ಎರಡು ರಾಶಿಯ ನಡುವೆ ಹತ್ತು ವರ್ಷವೋ ನೂರು ವರ್ಷವೋ? 16ರಲ್ಲಿ 11 ಜನ ಹತ್ತು ಅಂದರು. ನಾಲ್ಕನೇ ಸಂಜೆ ಹತ್ತು ಅಂದವರು ಇಬ್ಬರೇ. ನಾನು ಒಂದು ಮಾತೂ ಹೇಳಿರಲಿಲ್ಲ.

ತೊಳೆಯುವಾಗ ಇನ್ನೊಂದು ಮಾಡಿದೆ. 1935ರಲ್ಲಿ ಎರಡನೇ ಸ್ತರದ ಹೆಬ್ಬಾಗಿಲಲ್ಲಿ 18 ಪತ್ರ ಸಿಕ್ಕಿದ್ದವು, ಮಡಕೆ ಚೂರಿನ ಮೇಲೆ ಶಾಯಿಯಲ್ಲಿ ಬರೆದವು. ಹಾಗೇ ಮೂರು ಚೂರಿನ ಮೇಲೆ ಮಸಿ, ಗೋಂದು ಕಲಸಿ ಬರೆದು, ಮಣ್ಣು ಮೆತ್ತಿ ಬಕೆಟ್‌ನಲ್ಲಿ ಸೇರಿಸಿಟ್ಟೆ. ನೀರಲ್ಲಿ ಅದ್ದಿ ನೋಡಿ, ಆಮೇಲೆ ಬ್ರಷ್ ಹಿಡಿಯಿರಿ ಅಂತ ಮೊದಲೇ ಹೇಳಿದ್ದೆ. ಎರಡು ಚೂರನ್ನು ತಿಕ್ಕಿ ಅಳಿಸಿಬಿಟ್ಟರು. ಮೂರನೆಯದು ಉಳಿಯಿತು. ಅಳಿಸಿದ ಹುಡುಗಿ ಅತ್ತೇಬಿಟ್ಟಳು. ಆಮೇಲೆ ಯಾರೂ ಅದ್ದದೆ ಬ್ರಷ್ ಮುಟ್ಟಲಿಲ್ಲ.

ಇಟ್ಟಿಗೆಯನ್ನೂ ಸುಟ್ಟು ನೋಡಿದೆವು. ಅಲ್ಲಿ ಮೂರನೇ ಸ್ತರದ ಹಸಿ ಇಟ್ಟಿಗೆ ಬೆಂಕಿಗೆ ಕೆಂಪಗಾಗಿದೆ. ನಾವು ಇಟ್ಟಿಗೆ ಮಾಡಿ ಒಂದು ಗಂಟೆ ಸೌದೆಯಲ್ಲಿಟ್ಟರೆ ಒಳಗೆ ಬೂದು ಬಣ್ಣವೇ ಇತ್ತು. ರಾತ್ರಿಯಿಡೀ ಬೆಂಕಿ ಹಾಕಿದ ಮೇಲೆ ಕೆಂಪು ಒಳಗಿಳಿಯಿತು. ಸೌದೆಗೆ 300 ಶೆಕೆಲ್ ಹೋಯಿತು. ಇಡೀ ಊರು ಹಾಗೆ ಬೇಯಬೇಕಾದರೆ ಎಂಥ ಬೆಂಕಿ ಇರಬೇಕು ಅಂತ ಅವರೇ ಮಾತಾಡಿಕೊಂಡರು. ಅಜೇಕದ ಪ್ರಯೋಗ ಮಾತ್ರ ಕೈಕೊಟ್ಟಿತು. ಅಜೇಕ ಅಂದರೆ ಯೆಹೂದದ ಇನ್ನೊಂದು ಕೋಟೆಯೂರು. ಆ 18ರಲ್ಲಿ ನಾಲ್ಕನೇ ಪತ್ರದಲ್ಲಿ ಲಾಕೀಷಿನ ಬೆಂಕಿ ಗುರುತಿಗೆ ಕಾಯುತ್ತಿದ್ದೇವೆ, ಅಜೇಕ ಕಾಣುತ್ತಿಲ್ಲ ಅಂತ ಇದೆ, ಅದಕ್ಕೆ ರಾತ್ರಿ ಎರಡೂ ದಿಬ್ಬದ ಹತ್ತಿರ ದೊಡ್ಡ ಟಾರ್ಚ್ ಹಿಡಿದು ನಿಂತೆವು. ನಡುವಿನ ಊರುಗಳ ದೀಪ, ಧೂಳು. ಏನೂ ಕಾಣಲಿಲ್ಲ.

ಐದನೇ ದಿನ ಬೆಳಗಿನ ತಂಪಿನಲ್ಲಿ, ಅಶ್ಶೂರದವರು ಕಲ್ಲು ಸುರಿದು ಕಟ್ಟಿದ ಮುತ್ತಿಗೆಯ ದಿಬ್ಬದ ಮೇಲೆ ಕೂರಿಸಿ ಬೈಬಲ್ ತೆರೆಸಿದೆ. 2 ಅರಸುಗಳು, 18ನೇ ಅಧ್ಯಾಯ. ಓದಿದ್ದು ನಮ್ಮ ಹಿರಿಯರು. ಯೆಹೂದದ ಅರಸ ಹಿಜ್ಕೀಯನು ಲಾಕೀಷಿನಲ್ಲಿದ್ದ ಅಶ್ಶೂರದ ಅರಸನಿಗೆ ಹೇಳಿ ಕಳಿಸುವ ವಾಕ್ಯ ಬಂದಾಗ ಅವರ ದನಿ ನಡುಗಿತು. ಆಮೇಲೆ ಸನ್ಹೇರೀಬನ ಶಾಸನ ಕೊಟ್ಟೆವು. ಹಿಜ್ಕೀಯ ಕೊಟ್ಟ ಕಪ್ಪ ಬೈಬಲಿನಲ್ಲಿ ಚಿನ್ನ 30 ತಲಾಂತು (ಹಳೆಯ ತೂಕ), ಬೆಳ್ಳಿ 300. ಶಾಸನದಲ್ಲಿ ಚಿನ್ನ 30, ಬೆಳ್ಳಿ 800. 46 ಕೋಟೆಯೂರು ಹಿಡಿದೆ ಅನ್ನುವ ಆ ಶಾಸನದಲ್ಲಿ ಲಾಕೀಷಿನ ಹೆಸರೇ ಇಲ್ಲ, ಆದರೆ ನಿನೆವೆಯಲ್ಲಿ ಅವನ ಅರಮನೆ ಗೋಡೆ ತುಂಬ ಲಾಕೀಷಿನ ಚಿತ್ರ ಇತ್ತು. ಮಧ್ಯಾಹ್ನ ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ. ಕೋರ್ಸಿನ ಕೊನೆಗೆ ಜೆರುಸಲೇಮಿನ 533 ಮೀಟರ್ ಸುರಂಗದಲ್ಲಿ ನೀರಿನಲ್ಲಿ ನಡೆಯುವಾಗ, ಇದನ್ನು ಕೊರೆಸಿದವನೂ ಆ ಹಿಜ್ಕೀಯನೇ ಅಂತ ನಾನು ಹೇಳಬೇಕಾಗಲಿಲ್ಲ.

ದುಡ್ಡಿನ ಮಾತು. ದೊಡ್ಡ ಬಸ್ಸು ಐದೇ ದಿನ, ಉಳಿದ ದಿನಗಳಿಗೆ ಸಣ್ಣ ವ್ಯಾನ್. ಮೊದಲ ಬೇಸಿಗೆಗಿಂತ ಸುಮಾರು 18 ಸಾವಿರ ಶೆಕೆಲ್ ಉಳಿಯಿತು. ಮಡಕೆ, ಸೌದೆ ಎಲ್ಲ ಅದರಲ್ಲೇ ಬಂತು. ದುಡ್ಡು ವಾಪಸ್ ಕೇಳಿದವರು ಯಾರೂ ಇಲ್ಲ. ಇಬ್ಬರು ಮುಂದಿನ ಬೇಸಿಗೆ ಅಗೆಯುವ ತಂಡಕ್ಕೇ ಸೇರಿಕೊಂಡರು.

ಹೋದ ತಿಂಗಳು ಹಿರಿಯರು ಫೋನ್ ಮಾಡಿ, ತಮ್ಮ ಕಾಲೇಜಿನ ಪಾಠಕ್ಕೆ ಆ ಚೂರಿನ ಚೀಲ ಬೇಕು ಅಂದರು. ಎರಡು ಚೀಲ ಕೊಟ್ಟಿದ್ದೇನೆ. ಮೂರನೆಯದರಲ್ಲಿ ರಾಜಮುದ್ರೆ ಒತ್ತಿದ ಹಿಡಿಗಳಿವೆ, ಅದನ್ನು ಕೊಟ್ಟಿಲ್ಲ.